ಬೆಂಗಳೂರಿನ ನೀರು: ಕೆರೆಯಿಂದ ಕಾವೇರಿ ಐದನೇ ಹಂತದವರೆಗೆ

ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಹುಡುಕುವವರು ಬಾಡಿಗೆ ಎಷ್ಟೆಂದು ಕೇಳಿದ ಮೇಲೆ ಎರಡನೆಯದಾಗಿ ಕೇಳುವುದು ನೀರಿನ ವಿಚಾರ. ‘ಕಾವೇರಿ ಇದೆಯಾ, ಬೋರ್ ಮಾತ್ರವಾ?’ ಎಂಬ ಪ್ರಶ್ನೆಯಲ್ಲಿ ಈ ನಗರದ ನೂರಮೂವತ್ತು ವರ್ಷಗಳ ಚರಿತ್ರೆ ಅಡಗಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ, ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಾಗದಲ್ಲಿ ಊರು ಬೆಳೆಯಿತು. ಬೆಳೆದಂತೆಲ್ಲ ನೀರಿಗಾಗಿ ಮತ್ತಷ್ಟು ದೂರ ಕೈಚಾಚಿತು. ಮೊದಲು ಊರಿನೊಳಗಿನ ಕೆರೆಗಳು, ಆಮೇಲೆ 20 ಕಿ.ಮೀ. ದೂರದ ಹೆಸರಘಟ್ಟ, ಬಳಿಕ 30 ಕಿ.ಮೀ. ದೂರದ ತಿಪ್ಪಗೊಂಡನಹಳ್ಳಿ, ಕೊನೆಗೆ ನೂರು ಕಿ.ಮೀ. ಆಚೆಯ ಕಾವೇರಿ. ವೇಗವಾಗಿ ಬೆಳೆಯುವ ನಗರಕ್ಕೆ ಹೊಸ ನೀರಿನ ಮೂಲ ಹುಡುಕುವಾಗ ಏನೇನು ಲೆಕ್ಕ ಹಾಕಬೇಕು, ಯಾವ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ತಿಳಿಯಲು ಭಾರತದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಗಳು ಕಡಿಮೆ.

ಈ ಚರಿತ್ರೆಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಹೊಸ ಮೂಲ ಬಂದಾಗಲೆಲ್ಲ ನಗರ ಹಳೆಯ ಮೂಲವನ್ನು ಕೈಬಿಟ್ಟಿದೆ. ಹಾಗಾಗಿ ಕೂಡಬೇಕಾದ ನೀರು ಕೂಡದೆ, ಒಂದು ಬಂದು ಇನ್ನೊಂದು ಹೋದ ಲೆಕ್ಕವಾಗಿದೆ.

ದಿಣ್ಣೆಯ ಮೇಲಿನ ಊರು

ಬೆಂಗಳೂರು ಎರಡು ನದಿ ಕಣಿವೆಗಳ ನಡುವಿನ ಏಣಿನ ಮೇಲೆ ಕುಳಿತಿದೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಮುಂದೆ ನ್ಯಾಯಾಲಯಗಳಲ್ಲಿ ನಗರದ ಪಾಲಿನ ನೀರನ್ನು ಅಳೆಯುವಾಗ ಈ ಏಣೇ ದೊಡ್ಡ ವಾದಕ್ಕೆ ಕಾರಣವಾಯಿತು.

ಮಳೆಗೆ ಇಲ್ಲಿ ಬರವಿಲ್ಲ. ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಸುರಿಯುತ್ತದೆ. ಆದರೆ ನೆಲದಡಿ ಇರುವುದು ಗಟ್ಟಿ ಕಲ್ಲು. ಮೇಲಿನ ಶಿಥಿಲ ಪದರದಲ್ಲಿ ನಿಂತಷ್ಟು ನೀರು ನಿಂತೀತು, ಅದರ ಕೆಳಗೆ ಬಿರುಕುಗಳಲ್ಲಿ ಸಿಕ್ಕಷ್ಟು ಮಾತ್ರ. 1537ರಲ್ಲಿ ಪೇಟೆ ಕಟ್ಟಿದ ಕೆಂಪೇಗೌಡರ ಕಾಲದವರು ಇದನ್ನು ಬಲ್ಲವರಾಗಿದ್ದರು. ಇಳಿಜಾರಿನ ಉದ್ದಕ್ಕೂ ಏರಿ ಕಟ್ಟಿ, ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಸೇರುವಂತೆ ಸರಪಳಿ ಹೆಣೆದರು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಹಲಸೂರು ಕೆರೆಗಳು ಈ ಪರಂಪರೆಯವು. ತೂಬು ತೆಗೆದು ಗದ್ದೆಗೆ ಸರದಿಯಂತೆ ನೀರು ಹಾಯಿಸಲು ನೀರುಗಂಟಿ ಇದ್ದ. ಕುಡಿಯಲು ಕೆರೆಯ ಕೆಳಗಿನ ತೆರೆದ ಬಾವಿ, ಕಲ್ಯಾಣಿ. ಕೆರೆ ತುಂಬಿದ್ದರೆ ಬಾವಿಯೂ ತುಂಬಿರುತ್ತಿತ್ತು.

19ನೇ ಶತಮಾನದಲ್ಲಿ ದಂಡು ಪ್ರದೇಶ ಬೆಳೆದು, ಪೇಟೆಯೂ ಹಿಗ್ಗಿದಾಗ ಈ ವ್ಯವಸ್ಥೆ ಸಾಲದಾಯಿತು. 1870ರ ದಶಕದ ಭೀಕರ ಕ್ಷಾಮ ಕೆರೆ ನೀರಿನ ಮಿತಿಯನ್ನು ತೋರಿಸಿಕೊಟ್ಟಿತು. 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ ಕೆರೆ ಆ ಕಾಲದ ಪ್ರಯತ್ನಗಳಲ್ಲಿ ಒಂದು.

ಹೆಸರಘಟ್ಟ: ಮೊದಲ ನಲ್ಲಿ ನೀರು

ನಗರದ ಹೊರಗಿನಿಂದ ನೀರು ತರುವ ಮೊದಲ ದೊಡ್ಡ ಯೋಜನೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ರೂಪುಗೊಂಡಿತು. ನಂದಿಬೆಟ್ಟದ ಕಡೆಯಿಂದ ಹರಿದು ಬರುವ ಅರ್ಕಾವತಿಗೆ ಹೆಸರಘಟ್ಟದಲ್ಲಿದ್ದ ಕೆರೆಯನ್ನು ದೊಡ್ಡದು ಮಾಡಿ, ನೀರನ್ನು ಇಟ್ಟಿಗೆ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿಸಿ, ಅಲ್ಲಿಂದ ಉಗಿಯಂತ್ರಗಳ ನೆರವಿನಿಂದ ಎತ್ತಿ ನಗರಕ್ಕೆ ಕಳಿಸಲಾಯಿತು. 1896ರಲ್ಲಿ ನೀರು ಬಂದ ಈ ಯೋಜನೆಗೆ ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಹೆಸರು. ಎರಡೇ ವರ್ಷಕ್ಕೆ, 1898ರಲ್ಲಿ, ಪ್ಲೇಗು ಅಪ್ಪಳಿಸಿತು. ಇಕ್ಕಟ್ಟಿನ ಪೇಟೆಯಿಂದ ಜನ ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳಿಗೆ ಬಂದಾಗ ಶುದ್ಧ ನಲ್ಲಿ ನೀರು ಜೀವ ಉಳಿಸುವ ಸವಲತ್ತಾಗಿ ಕಂಡಿತು.

ನಲ್ಲಿ ಬಂದ ಕೂಡಲೇ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಶುರುವಾಯಿತು. ಊರಿನೊಳಗಿನ ಕೆರೆಗಳ ಕಡೆ ಯಾರ ಕಣ್ಣೂ ಹೋಗದಾಯಿತು. ಕುಡಿಯಲು ಬೇಡವಾದ ಕೆರೆಗೆ ಕೊಳಕು ಸೇರಿತು, ಕೊಳಕಾದ ಕೆರೆ ಸೊಳ್ಳೆಯ ತಾಣವೆನಿಸಿತು, ಒಣಗಿದ ಅಂಗಳ ಖಾಲಿ ಜಾಗವಾಗಿ ಕಂಡಿತು. ಧರ್ಮಾಂಬುಧಿ ಇದ್ದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಕೋರಮಂಗಲದ ಕೆರೆಯ ಜಾಗದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ವಸತಿ ಸಮುಚ್ಚಯ ಬಂತು. 1985ರಲ್ಲಿ ಸರ್ಕಾರ ಎನ್. ಲಕ್ಷ್ಮಣರಾವ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿ ಉಳಿದ ಕೆರೆಗಳನ್ನು ಕಾಪಾಡುವ ದಾರಿ ಕೇಳುವ ಹೊತ್ತಿಗೆ ಬಹಳಷ್ಟು ಕೈಬಿಟ್ಟು ಹೋಗಿತ್ತು.

ತಿಪ್ಪಗೊಂಡನಹಳ್ಳಿ ಮತ್ತು ಬತ್ತಿದ ಅರ್ಕಾವತಿ

1920ರ ದಶಕದಲ್ಲಿ ಹೆಸರಘಟ್ಟವೂ ಮಳೆ ಕೊರತೆಯಿಂದ ಸೊರಗಿತು. ಆಗ ಆರಿಸಿಕೊಂಡದ್ದು ಅರ್ಕಾವತಿಯ ಇನ್ನಷ್ಟು ಕೆಳಗಿನ ಜಾಗ. ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿ ಬಂದು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರ ಜಲಾಶಯ ಸಿದ್ಧವಾಯಿತು. ಇದರ ಸಾಮರ್ಥ್ಯ ಮೂರು ಟಿಎಂಸಿಗಿಂತ ತುಸು ಹೆಚ್ಚು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ 2,832 ಕೋಟಿ ಲೀಟರ್. ಅದನ್ನು ವರ್ಷವಿಡೀ ಸಮನಾಗಿ ಹಂಚಿದರೆ ದಿನಕ್ಕೆ ಸುಮಾರು 77.6 ದಶಲಕ್ಷ ಲೀಟರ್ ಸಿಗುತ್ತದೆ. ಇಂಜಿನಿಯರರು ಎಂಎಲ್‌ಡಿ ಎನ್ನುವುದು ದಿನಕ್ಕೆ ದಶಲಕ್ಷ ಲೀಟರ್ ಎಂಬ ಈ ಅಳತೆಯನ್ನೇ.

ಹೊಸ ಜಲಾಶಯ ನಗರದ ದಾಹವನ್ನು ನಾಲ್ಕು ದಶಕ ತಣಿಸಿತು. ಬಳಿಕ ಒಳಹರಿವು ಕುಗ್ಗುತ್ತಾ ಬಂತು, ಬಂದ ನೀರೂ ಕೆಟ್ಟಿತು. 2012ರ ಹೊತ್ತಿಗೆ ನಗರ ಇಲ್ಲಿಂದ ನೀರೆತ್ತುವುದನ್ನೇ ನಿಲ್ಲಿಸಿತು. ಮಳೆ ಕಡಿಮೆಯಾದದ್ದೇ ಕಾರಣವೆಂದು ಬಹುಜನ ನಂಬಿದ್ದರು. ಪರಿಸರ ಅಧ್ಯಯನ ನಡೆಸುವ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಕಾರಣಗಳತ್ತ ಬೆರಳು ಮಾಡಿತು: ಕೊಳವೆಬಾವಿಗಳಿಂದ ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು, ಹೊಲಗಳಲ್ಲಿ ನೀಲಗಿರಿ ತೋಪುಗಳು ಹಬ್ಬಿದ್ದು, ಹಳ್ಳಗಳಿಗೆ ಅಡ್ಡಲಾಗಿ ಅಲ್ಲಲ್ಲಿ ಒಡ್ಡುಗಳು ಎದ್ದದ್ದು. ಜಲಾನಯನ ಪ್ರದೇಶದಲ್ಲಿ ಕಟ್ಟಡ, ಕಾರ್ಖಾನೆಗಳನ್ನು ಹತೋಟಿಯಲ್ಲಿಡಲು ಸರ್ಕಾರ 2003ರಲ್ಲಿ ಅಧಿಸೂಚನೆ ಹೊರಡಿಸಿತ್ತು. ಅಷ್ಟರಲ್ಲಿ ನಗರದ ಗಮನವೆಲ್ಲ ಕಾವೇರಿಯತ್ತ ತಿರುಗಿತ್ತು. ಅಣೆಕಟ್ಟೆಯನ್ನು ನಗರಕ್ಕೆ ನೀರು ಕೊಡುವ ಜಲಮಂಡಳಿ ಕಾಯಬಲ್ಲದು. ಅದಕ್ಕೆ ನೀರು ತರುವ ಹಳ್ಳಿ, ಹೊಲ, ಹಳ್ಳಗಳನ್ನು ಕಾಯುವ ಹೊಣೆ ಯಾರದೂ ಆಗಿರಲಿಲ್ಲ.

ಕಾವೇರಿಯ ಹಂತಗಳು

1964ರಲ್ಲಿ ಪ್ರತ್ಯೇಕ ಕಾಯ್ದೆಯಡಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಅಂದರೆ ಜನ ಕರೆಯುವ ಜಲಮಂಡಳಿ, ಹುಟ್ಟಿತು. ನೀರು ಕೊಡುವುದು, ಬಳಸಿದ ನೀರನ್ನು ಒಯ್ಯುವುದು ಎರಡನ್ನೂ ಒಂದೇ ಸಂಸ್ಥೆಗೆ ವಹಿಸಿದ್ದು ದೂರದೃಷ್ಟಿಯ ನಿರ್ಧಾರ. ಮಂಡಳಿಯ ಮುಂದೆ ಇದ್ದ ದೊಡ್ಡ ಕೆಲಸ ಕಾವೇರಿಯನ್ನು ದಿಣ್ಣೆ ಹತ್ತಿಸುವುದು.

ಕಬಿನಿಯನ್ನು ತಿರುಮಕೂಡಲಿನಲ್ಲಿ ಸೇರಿಸಿಕೊಂಡು ಬರುವ ಕಾವೇರಿಯಿಂದ ಶಿವನಸಮುದ್ರದ ಬಳಿ ಶಿವ ಅಣೆಕಟ್ಟೆಯಲ್ಲಿ ನೀರು ತೆಗೆದು, ನೆಟ್ಕಲ್ ಸಮತೋಲನ ಜಲಾಶಯದ ಮೂಲಕ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ತರಲಾಗುತ್ತದೆ. ಅಲ್ಲಿ ಗಾಳಿಯಾಡಿಸಿ, ಪಟಿಕ ಬೆರೆಸಿ ಮಣ್ಣಿನ ಕಣಗಳನ್ನು ಗಂಟುಗಟ್ಟಿಸಿ, ತಳಕ್ಕಿಳಿಸಿ, ಮರಳಿನ ಹಾಸಿನಲ್ಲಿ ಸೋಸಿ, ಕ್ಲೋರಿನ್ ಹಾಕುತ್ತಾರೆ. ಆಮೇಲೆ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲುಗಳಲ್ಲಿ ಪಂಪುಗಳು ನೀರನ್ನು ನಗರಕ್ಕೆ ನೂಕುತ್ತವೆ.

ಮೊದಲ ಹಂತ 1974ರಲ್ಲಿ, ಎರಡನೆಯದು 1982ರಲ್ಲಿ ಬಂದವು. ಎರಡೂ ದಿನಕ್ಕೆ ತಲಾ ಸುಮಾರು 135 ದಶಲಕ್ಷ ಲೀಟರಿನವು. 1993ರ ಮೂರನೇ ಹಂತ, 2002ರ ನಾಲ್ಕನೇ ಹಂತದ ಮೊದಲ ಭಾಗ ಪ್ರತಿಯೊಂದೂ ಅದರ ಸುಮಾರು ಇಮ್ಮಡಿ. 2012ರಲ್ಲಿ ನಾಲ್ಕನೇ ಹಂತದ ಎರಡನೇ ಭಾಗ ಒಂದೇ ಏಟಿಗೆ 500 ದಶಲಕ್ಷ ಲೀಟರ್ ಸೇರಿಸಿತು. 2024ರ ಆರಂಭದಲ್ಲಿ ಇವೆಲ್ಲದರಿಂದ ದಿನಕ್ಕೆ ಬರುತ್ತಿದ್ದದ್ದು ಸುಮಾರು 1,450 ದಶಲಕ್ಷ ಲೀಟರ್. ಜಪಾನಿನ ಜೈಕಾ ಸಂಸ್ಥೆಯ ಸಾಲದ ನೆರವಿನಿಂದ ಕಟ್ಟಿದ ಐದನೇ ಹಂತ 2024ರ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾಯಿತು. ಇದರ ಸಾಮರ್ಥ್ಯ 775 ದಶಲಕ್ಷ ಲೀಟರ್, ಅಂದರೆ ವರ್ಷಕ್ಕೆ ಸರಿಸುಮಾರು 10 ಟಿಎಂಸಿ. ಐದೂ ಹಂತ ಸೇರಿದರೆ 2,225 ದಶಲಕ್ಷ ಲೀಟರ್.

ಜನಸಂಖ್ಯೆಯ ಲೆಕ್ಕ

ಯಾವ ಯೋಜನೆಗಾದರೂ ಮೊದಲ ಪ್ರಶ್ನೆ, ಮೂವತ್ತು ವರ್ಷದ ಮೇಲೆ ಎಷ್ಟು ಜನ ಇರುತ್ತಾರೆ ಎಂಬುದು. ಕೇಂದ್ರ ಸರ್ಕಾರದ ಕೈಪಿಡಿಯ ಪ್ರಕಾರ ಕೊಳವೆ ಮಾರ್ಗಗಳನ್ನು 30 ವರ್ಷದ, ಪಂಪುಗಳನ್ನು 15 ವರ್ಷದ ಅಗತ್ಯ ನೋಡಿ ವಿನ್ಯಾಸ ಮಾಡಬೇಕು. ಒಳಚರಂಡಿ ಇರುವ ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್, ಮಹಾನಗರದಲ್ಲಿ 150 ಲೀಟರ್ ಹಿಡಿಯಬೇಕು. ಹಿಂದಿನ ಜನಗಣತಿಗಳ ಏರಿಕೆಯನ್ನು ಮುಂದಕ್ಕೆ ಎಳೆದು ಜನಸಂಖ್ಯೆಯನ್ನು ಅಂದಾಜಿಸುತ್ತಾರೆ.

ಈ ಅಂದಾಜು ಬೆಂಗಳೂರಿನಲ್ಲಿ ಪದೇಪದೇ ಸೋತಿದೆ. 1941ರಲ್ಲಿ ನಾಲ್ಕು ಲಕ್ಷವಿದ್ದ ಜನ 1951ಕ್ಕೆ ಸುಮಾರು 7.8 ಲಕ್ಷವಾದರು. 1971ರಿಂದ 1981ರ ಒಳಗೆ 16.5 ಲಕ್ಷ 29 ಲಕ್ಷಕ್ಕೆ ಜಿಗಿಯಿತು, ಒಂದೇ ದಶಕದಲ್ಲಿ ಶೇ 76ರಷ್ಟು ಏರಿಕೆ. 2001ಕ್ಕೆ 57 ಲಕ್ಷ. ಸರ್ಕಾರಿ ಕಾರ್ಖಾನೆಗಳು, ಬಳಿಕ ಸಾಫ್ಟ್‌ವೇರ್ ಉದ್ಯಮ, ಅದರ ಬೆನ್ನಿಗೇ ಕಟ್ಟಡ ಕೆಲಸಕ್ಕೆ ರಾಜ್ಯ ರಾಜ್ಯಗಳಿಂದ ಬಂದವರು, ಹೀಗೆ ಪ್ರತಿ ಅಲೆಯೂ ಹಿಂದಿನ ದಶಕದ ಅಂಕಿಯನ್ನು ಸುಳ್ಳು ಮಾಡಿತು.

ಜನರ ಏರಿಕೆಗಿಂತಲೂ ಯೋಜಕರನ್ನು ಕಂಗೆಡಿಸಿದ್ದು ಗಡಿಯ ಏರಿಕೆ. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ನಗರದ ವಿಸ್ತೀರ್ಣ ಸುಮಾರು 226 ಚದರ ಕಿ.ಮೀ.ನಿಂದ 700 ಚದರ ಕಿ.ಮೀ. ದಾಟಿತು. 2011ರ ಜನಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಜನ 84 ಲಕ್ಷ. ಕಾಗದದ ಮೇಲೆ ಒಂದೇ ದಿನ ನಗರವಾದ ಹಳ್ಳಿಗಳಿಗೆ ಕೊಳವೆ ಮುಟ್ಟಲು ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಐದನೇ ಹಂತದ ಮುಖ್ಯ ಗುರಿ ಈ 110 ಹಳ್ಳಿಗಳೇ. ನಡುವಿನ ವರ್ಷಗಳಲ್ಲಿ ವೈಟ್‌ಫೀಲ್ಡ್, ಮಹದೇವಪುರದ ಕಡೆಯ ಎತ್ತರದ ಅಪಾರ್ಟ್‌ಮೆಂಟುಗಳು ಬದುಕಿದ್ದು ಬೋರ್ ಮತ್ತು ಟ್ಯಾಂಕರಿನ ಮೇಲೆ.

ಎತ್ತರಕ್ಕೆ ತೆರುವ ಬೆಲೆ

ಕೊಳವೆಯೊಳಗಿನ ಘರ್ಷಣೆಯನ್ನೂ ಸೇರಿಸಿದರೆ ಕಾವೇರಿ ನೀರನ್ನು ಸುಮಾರು 500 ಮೀಟರ್ ಎತ್ತರಕ್ಕೆ ಸಮನಾದ ಒತ್ತಡದಲ್ಲಿ ನೂಕಬೇಕು. ಸಾವಿರ ಲೀಟರ್ ನೀರನ್ನು ಅಷ್ಟೆತ್ತರಕ್ಕೆ ಏರಿಸಲು ಭೌತಶಾಸ್ತ್ರದ ಲೆಕ್ಕದಲ್ಲೇ ಕನಿಷ್ಠ 1.36 ಯೂನಿಟ್ ವಿದ್ಯುತ್ ಬೇಕು. ಪಂಪಿನಲ್ಲಿ ಆಗುವ ನಷ್ಟ ಇದಕ್ಕೆ ಸೇರುತ್ತದೆ. ಐದೂ ಹಂತ ಪೂರ್ತಿ ನಡೆದರೆ ದಿನಕ್ಕೆ ಕಡಿಮೆಯೆಂದರೂ 30 ಲಕ್ಷ ಯೂನಿಟ್. ಮಂಡಳಿಯ ಖರ್ಚಿನಲ್ಲಿ ವಿದ್ಯುತ್ ಬಿಲ್ಲಿನದೇ ದೊಡ್ಡ ಪಾಲು ಎಂಬುದು ಹೀಗಾಗಿ ಸಹಜ. ಗುರುತ್ವದಿಂದಲೇ ನೀರು ಇಳಿದು ಬರುವ ನಗರಗಳಿಗೆ ಈ ಖರ್ಚಿಲ್ಲ. ಬೆಂಗಳೂರಿಗೆ ಪ್ರತಿ ಹೊಸ ಹಂತದ ಜೊತೆ ಇದು ಶಾಶ್ವತವಾಗಿ ಏರುತ್ತದೆ.

ದರದ ವಿಷಯದಲ್ಲಿ ಸರ್ಕಾರಗಳು ಹಿಂಜರಿದಿವೆ. 2014ರಲ್ಲಿ ನಿಗದಿಯಾದ ದರ 2025ರವರೆಗೆ ಬದಲಾಗಲಿಲ್ಲ. ಮನೆಬಳಕೆಯ ಮೊದಲ 8,000 ಲೀಟರಿಗೆ ಸಾವಿರ ಲೀಟರಿಗೆ ಏಳು ರೂಪಾಯಿ, ಅದರಾಚೆ 25,000 ಲೀಟರ್‌ವರೆಗೆ ಹನ್ನೊಂದು ರೂಪಾಯಿ ಇತ್ತು. ಆ ದರದಲ್ಲಿ ತಿಂಗಳಿಗೆ 12,000 ಲೀಟರ್ ಬಳಸಿದ ಮನೆಗೆ ನೀರಿನ ಬೆಲೆ ನೂರು ರೂಪಾಯಿ. 2024ರ ಬೇಸಿಗೆಯಲ್ಲಿ ಟ್ಯಾಂಕರುಗಳ ಲಗಾಮು ಹಿಡಿಯಲು ಜಿಲ್ಲಾಡಳಿತ ದರ ಗೊತ್ತುಪಡಿಸಿದಾಗ 12,000 ಲೀಟರಿನ ಟ್ಯಾಂಕರಿಗೆ ಐದು ಕಿ.ಮೀ. ಒಳಗೆ ಸಾವಿರ ರೂಪಾಯಿ ನಿಗದಿಯಾಯಿತು. ಕೊಳವೆ ಮುಟ್ಟದ ಮನೆಯವರು ಹತ್ತು ಪಟ್ಟು ತೆತ್ತರು. ಇದು ನಗರದ ನೀರಿನ ಲೆಕ್ಕದಲ್ಲಿ ಅತ್ಯಂತ ಅನ್ಯಾಯದ ಅಂಕಿ. ಅಗ್ಗದ ದರದ ಲಾಭ ಸಂಪರ್ಕ ಇರುವವರಿಗೆ ಮಾತ್ರ ದಕ್ಕುತ್ತದೆ. ಸಂಪರ್ಕ ವಿಸ್ತರಿಸಲು ಬೇಕಾದ ಹಣ ಅದೇ ಕಾರಣಕ್ಕೆ ಮಂಡಳಿಯ ಕೈಯಲ್ಲಿ ಉಳಿಯುವುದಿಲ್ಲ.

ನಗರಕ್ಕೆ ಬಂದ ನೀರೆಲ್ಲ ಮನೆ ಸೇರುತ್ತದೆ ಎಂದೂ ಇಲ್ಲ. ಹಳೆಯ ಬಡಾವಣೆಗಳ ನೆಲದಡಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳಿವೆ. ಕೈಕೊಟ್ಟ ಮೀಟರುಗಳಿವೆ, ಕದ್ದು ಎಳೆದುಕೊಂಡ ಸಂಪರ್ಕಗಳಿವೆ. ಲೆಕ್ಕಕ್ಕೆ ಸಿಗದ ನೀರಿನ ಪಾಲು ಒಂದು ಕಾಲದಲ್ಲಿ ಶೇ 40ನ್ನು ಮೀರಿತ್ತು. ಮಂಡಳಿ ವಲಯವಾರು ಅಳತೆ ಮಾಡಿ, ಕೊಳವೆ ಬದಲಿಸಿ ಅದನ್ನು ತಗ್ಗಿಸುತ್ತಾ ಬಂದಿದೆ. ಇವತ್ತಿನ 2,225 ದಶಲಕ್ಷ ಲೀಟರಿನಲ್ಲಿ ಶೇ 10ರಷ್ಟು ಸೋರಿಕೆಯನ್ನು ತಡೆದರೂ ಉಳಿಯುವುದು 220 ದಶಲಕ್ಷ ಲೀಟರ್. 1974ರ ಮೊದಲ ಹಂತದಲ್ಲಿ ಬಂದದ್ದಕ್ಕಿಂತ ಅದು ಹೆಚ್ಚು. ರಸ್ತೆ ಅಗೆದು ಕೊಳವೆ ಬದಲಿಸುವ ಕೆಲಸಕ್ಕೆ ಉದ್ಘಾಟನೆಯ ಕಲ್ಲು ನೆಡುವವರು ಕಡಿಮೆ, ಬೈಯುವವರು ಹೆಚ್ಚು. ಆದರೂ ಸೋರಿಕೆ ನಿಲ್ಲುವುದು ಅದರಿಂದಲೇ.

ವಿತರಣೆಯೂ ಎಲ್ಲೆಡೆ ಒಂದೇ ಸಮ ಇಲ್ಲ. ನಗರದ ಎತ್ತರದ ಜಾಗಗಳಲ್ಲಿರುವ ಜಲಾಗಾರಗಳಲ್ಲಿ ನೀರು ತುಂಬಿಕೊಂಡು ಸರದಿಯ ಮೇಲೆ ಬಡಾವಣೆಗಳಿಗೆ ಬಿಡುತ್ತಾರೆ. ದಿನ ಬಿಟ್ಟು ದಿನ, ಕೆಲವೆಡೆ ವಾರಕ್ಕೆ ಎರಡು ದಿನ, ಎಷ್ಟೋ ಬಾರಿ ನಡುರಾತ್ರಿ ನೀರು ಬರುತ್ತದೆ. ಅದಕ್ಕೇ ಬೆಂಗಳೂರಿನ ಮನೆ ಮನೆಯಲ್ಲೂ ನೆಲದಡಿ ಒಂದು ಸಂಪು, ಮಾಳಿಗೆ ಮೇಲೊಂದು ಟ್ಯಾಂಕು, ನಡುವೆ ಒಂದು ಮೋಟಾರು. ಸಂಪು ಕಟ್ಟಲು ಜಾಗವಿಲ್ಲದ ವಠಾರದಲ್ಲಿ ಹೆಣ್ಣುಮಕ್ಕಳು ಕೊಡಗಳನ್ನು ಸಾಲಿಟ್ಟು ನಿದ್ದೆಗೆಡುತ್ತಾರೆ.

ಹಕ್ಕಿನ ಪ್ರಶ್ನೆ

ನದಿಯಲ್ಲಿ ನೀರಿದ್ದ ಮಾತ್ರಕ್ಕೆ ನಗರಕ್ಕೆ ಅದು ಸಿಗುವುದಿಲ್ಲ. ಕಾವೇರಿ ನ್ಯಾಯಮಂಡಳಿ 2007ರ ತೀರ್ಪಿನಲ್ಲಿ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು ಎಣಿಸಿ, ಕುಡಿಯುವ ನೀರಿನ ಅರ್ಧ ಅಗತ್ಯ ಅಂತರ್ಜಲದಿಂದ ತೀರೀತು ಎಂದೂ ಭಾವಿಸಿ, ನಗರದ ಪಾಲನ್ನು ಕಡಿತ ಮಾಡಿತ್ತು. ದಿಣ್ಣೆಯ ಏಣು ಕಾನೂನಿನ ಗೆರೆಯಾಗಿ ಕೆಲಸ ಮಾಡಿದ್ದು ಹೀಗೆ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಈ ತರ್ಕವನ್ನು ಬದಿಗಿಟ್ಟಿತು. ಕರ್ನಾಟಕಕ್ಕೆ ಹೆಚ್ಚುವರಿಯಾಗಿ 14.75 ಟಿಎಂಸಿ ಕೊಟ್ಟು, ಅದರಲ್ಲಿ 4.75 ಟಿಎಂಸಿಯನ್ನು ಬೆಂಗಳೂರಿನ ಕುಡಿಯುವ ನೀರಿಗೆ ಗೊತ್ತು ಮಾಡಿತು. ಇಡೀ ನಗರದ ಬಾಯಾರಿಕೆಯನ್ನು ಕಣಿವೆಯ ಗೆರೆ ನೋಡದೆ ಪರಿಗಣಿಸಿದ್ದು ಈ ತೀರ್ಪಿನ ಮಹತ್ವ.

ನೀರಿನ ಇನ್ನೊಂದು ತುದಿಯಲ್ಲಿ ಮಂಡ್ಯದ ರೈತರಿದ್ದಾರೆ. ಕನ್ನಂಬಾಡಿ ಅಣೆಕಟ್ಟೆಯ ಮಟ್ಟ 124.80 ಅಡಿ ಮುಟ್ಟುತ್ತದೆಯೋ ಇಲ್ಲವೋ ಎಂದು ಪ್ರತಿ ಮುಂಗಾರಿನಲ್ಲೂ ಕಾಯುವವರು ಅವರು. 2023ರಂಥ ಮಳೆ ಕೈಕೊಟ್ಟ ವರ್ಷದಲ್ಲಿ ಕಬ್ಬು, ಭತ್ತದ ನಾಲೆಗೆ ನೀರು ನಿಂತರೂ ನಗರದ ಕೊಳವೆಗೆ ನೀರು ಹರಿಯಬೇಕಾಗುತ್ತದೆ. ಕುಡಿಯುವ ನೀರಿಗೆ ಮೊದಲ ಸ್ಥಾನ ಎಂಬ ನೀತಿ ಸರಿಯಾದದ್ದೇ. ಆದರೆ ಅದೇ ನೀರಿನಲ್ಲಿ ನಗರ ಕಾರು ತೊಳೆದರೆ, ಹುಲ್ಲುಹಾಸು ನೆನೆಸಿದರೆ, ಆ ನೀತಿಯ ನೈತಿಕ ಬಲ ಕರಗುತ್ತದೆ.

ಇನ್ನೂ ದೂರದ ನದಿಗಳು

ಐದನೇ ಹಂತದಾಚೆಗೆ ಹಲವು ಪ್ರಸ್ತಾಪಗಳಿವೆ. ಅರ್ಕಾವತಿ ಬಂದು ಸೇರುವ ಸಂಗಮದ ಕೆಳಗೆ, ಮೇಕೆದಾಟಿನಲ್ಲಿ 67.16 ಟಿಎಂಸಿ ಸಾಮರ್ಥ್ಯದ ಅಣೆಕಟ್ಟೆ ಕಟ್ಟಿ ಬೆಂಗಳೂರಿನ ನೀರಿಗೂ 400 ಮೆಗಾವಾಟ್ ವಿದ್ಯುತ್ತಿಗೂ ಬಳಸುವುದು ಕರ್ನಾಟಕದ ಯೋಜನೆ. ತಮಿಳುನಾಡು ಇದನ್ನು ವಿರೋಧಿಸಿದೆ. ಕಾವೇರಿ ವನ್ಯಜೀವಿಧಾಮದ ಕಾಡು ಮುಳುಗುವುದು ಎರಡನೇ ತಕರಾರು. ಸಕಲೇಶಪುರದ ಪಶ್ಚಿಮಕ್ಕೆ ಹರಿಯುವ ಹಳ್ಳಗಳಿಂದ 24 ಟಿಎಂಸಿ ಎತ್ತುವ ಎತ್ತಿನಹೊಳೆ ಯೋಜನೆ ಮುಖ್ಯವಾಗಿ ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲು ಜಿಲ್ಲೆಗಳಿಗೆ. ಅದರ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಚಾಲನೆಗೊಂಡಿತು.

ಶರಾವತಿಯ ಪ್ರಸ್ತಾಪ ಬೇರೆ ಕಾರಣಕ್ಕೆ ನೆನಪಿಡಬೇಕಾದದ್ದು. ಬಿ.ಎನ್. ತ್ಯಾಗರಾಜ ನೇತೃತ್ವದ ತಜ್ಞರ ಸಮಿತಿ ಲಿಂಗನಮಕ್ಕಿ ಜಲಾಶಯದಿಂದ ನೀರು ತರಬಹುದೆಂದು ಸೂಚಿಸಿತ್ತು. 2019ರಲ್ಲಿ ಸರ್ಕಾರ ಅದನ್ನು ಕೈಗೆತ್ತಿಕೊಂಡಾಗ ಮಲೆನಾಡು ಸಿಡಿದೆದ್ದಿತು. ಸಾಹಿತಿ ನಾ. ಡಿಸೋಜ ಮುಂಚೂಣಿಯಲ್ಲಿ ನಿಂತರು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ವಿದ್ಯುತ್ತಿಗಾಗಿ ಕಟ್ಟಿದ ಆ ಜಲಾಶಯದಲ್ಲಿ ಒಮ್ಮೆ ಊರು ಮುಳುಗಿಸಿಕೊಂಡ ಜನ, ಇನ್ನೊಮ್ಮೆ ನೀರಿಗಾಗಿ ಹೊಳೆಯನ್ನೇ ಕೊಡಲಾರೆವು ಎಂದರು. ಲಿಂಗನಮಕ್ಕಿಯಲ್ಲಿ ನೀರೆಷ್ಟಿದೆ ಎಂದು ಇಂಜಿನಿಯರಿಂಗ್ ವರದಿ ಅಳೆದಿತ್ತು. ಮುಳುಗಡೆಯ ನೆನಪು ಅಲ್ಲಿ ಎಷ್ಟು ಆಳವಾಗಿದೆ ಎಂಬುದು ಆ ಅಳತೆಗೆ ಸಿಕ್ಕಿರಲಿಲ್ಲ. ಹೊಸ ಮೂಲ ಆರಿಸುವಾಗ ಆ ನೆಲದ ಜನರ ಒಪ್ಪಿಗೆಯೂ ಹರಿವಿನಷ್ಟೇ ಮುಖ್ಯವಾದ ಮಾಹಿತಿ ಎಂಬುದನ್ನು ಶರಾವತಿ ತೋರಿಸಿಕೊಟ್ಟಿತು.

2024ರ ಬೇಸಿಗೆ

ಹಿಂದಿನ ವರ್ಷದ ಮಳೆ ಕೊರತೆಯ ಪರಿಣಾಮ 2024ರ ಫೆಬ್ರುವರಿ, ಮಾರ್ಚ್‌ನಲ್ಲಿ ಬಯಲಾಯಿತು. ಸರ್ಕಾರ ಕೊಟ್ಟ ಲೆಕ್ಕದಲ್ಲಿ ನಗರಕ್ಕೆ ದಿನಕ್ಕೆ ಬೇಕಾದದ್ದು 2,600 ದಶಲಕ್ಷ ಲೀಟರ್. ಕಾವೇರಿಯಿಂದ 1,450, ಕೊಳವೆಬಾವಿಗಳಿಂದ 650. ಉಳಿದ 500 ಎಲ್ಲಿಂದಲೂ ಇಲ್ಲ. ಸರ್ಕಾರಿ ಕೊಳವೆಬಾವಿಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿದ್ದವು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ತಮ್ಮ ಮನೆಯ ಬೋರ್ ಕೂಡ ಒಣಗಿದೆ ಎಂದರು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ನಲ್ಲಿಗಳಿಗೆ ಗಾಳಿ ಬೆರೆಸಿ ನೀರುಳಿಸುವ ಏರೇಟರ್ ಕಡ್ಡಾಯವಾಯಿತು.

ಗಮನಿಸಬೇಕಾದದ್ದು, ಆ ಬೇಸಿಗೆಯಲ್ಲಿ ಕಾವೇರಿಯ ಸರಬರಾಜು ನಿಲ್ಲಲಿಲ್ಲ. ಕೈಕೊಟ್ಟದ್ದು ನೆಲದಡಿಯ ನೀರು, ಒದ್ದಾಡಿದ್ದು ಅದನ್ನೇ ನಂಬಿದ್ದ ಹೊರವಲಯ. ಸಾವಿರ ಅಡಿ ದಾಟಿ ಕೊರೆದ ಬೋರುಗಳಲ್ಲಿ ಬರುತ್ತಿದ್ದದ್ದು ಬಂಡೆಯ ಬಿರುಕುಗಳಲ್ಲಿ ಬಹುಕಾಲದಿಂದ ನಿಂತಿದ್ದ ನೀರು. ಪ್ರತಿ ಮಳೆಗಾಲದಲ್ಲಿ ಅಷ್ಟು ಆಳಕ್ಕೆ ಇಳಿಯುವ ನೀರು ಅತ್ಯಲ್ಪ. ಈ ನೀರನ್ನೂ ಖಾತೆಯಂತೆ ಇಟ್ಟು, ತೆಗೆದದ್ದೆಷ್ಟು ಹಾಕಿದ್ದೆಷ್ಟು ಎಂದು ಲೆಕ್ಕ ನೋಡಬೇಕಿತ್ತು.

ಮಳೆ ಮತ್ತು ಬಳಸಿದ ನೀರು

ಸುಮಾರು 700 ಚದರ ಕಿ.ಮೀ. ನಗರದ ಮೇಲೆ ವರ್ಷಕ್ಕೆ ಬೀಳುವ 970 ಮಿ.ಮೀ. ಮಳೆಯನ್ನು ಗುಣಿಸಿದರೆ 24 ಟಿಎಂಸಿ ಆಗುತ್ತದೆ. ಕಾವೇರಿಯ ಐದೂ ಹಂತಗಳಿಂದ ವರ್ಷಕ್ಕೆ ಬರುವುದು ಸುಮಾರು 28.7 ಟಿಎಂಸಿ. ಎರಡೂ ಹೆಚ್ಚು ಕಡಿಮೆ ಒಂದೇ ಅಳತೆಯವು. ಬೆಂಗಳೂರಿಗರಿಗೆ ಚಿರಪರಿಚಿತವಾದ 30×40 ಸೈಟಿನ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ. ಸೈಟು ಪೂರ್ತಿ ತಾರಸಿಯಿದ್ದು, ಅದರಲ್ಲಿ ಶೇ 80ರಷ್ಟು ಹಿಡಿದರೂ ನಾಲ್ವರ ಮನೆಗೆ ಐದು ತಿಂಗಳ ನೀರು.

ಆದರೆ ಮಳೆ ಬರುವುದು ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಧಾರಾಕಾರವಾಗಿ. ಹತ್ತು ಸಾವಿರ ಲೀಟರಿನ ಸಂಪು ಒಂದೆರಡು ದೊಡ್ಡ ಮಳೆಗೇ ತುಂಬಿ ಹರಿಯುತ್ತದೆ. ಮಿಕ್ಕದ್ದು ಇಂಗಬೇಕು. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಹೊಸದಾಗಿ ಕಟ್ಟುವ 30×40ರ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ, ಹಳೆಯದರಲ್ಲಿ 60×40 ಮತ್ತು ಮೇಲ್ಪಟ್ಟವುಗಳಿಗೆ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಲಾಯಿತು. ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲು ಕೇಂದ್ರವೂ ಇದೆ. ಪೀಳಿಗೆಗಳಿಂದ ತೆರೆದ ಬಾವಿ ತೋಡುತ್ತಾ ಬಂದಿರುವ ಮಣ್ಣುವಡ್ಡರ ಕುಟುಂಬಗಳು ಈಗ ನಗರದಲ್ಲಿ ಇಂಗುಬಾವಿಗಳನ್ನು ತೋಡುತ್ತಿವೆ. ಇಪ್ಪತ್ತು–ಮೂವತ್ತು ಅಡಿಯ ಈ ಬಾವಿಗಳು ಮಳೆಯನ್ನು ಶಿಥಿಲ ಪದರಕ್ಕೆ ಇಳಿಸುತ್ತವೆ. ಕಬ್ಬನ್ ಉದ್ಯಾನದ ಹಳೆಯ ಬಾವಿಗಳ ಹೂಳೆತ್ತಿದಾಗ ಮತ್ತೆ ನೀರು ಕಂಡಿತು. ಅವುಗಳಲ್ಲಿ ಹೂಳು ತುಂಬಿತ್ತೇ ಹೊರತು ಸೆಲೆ ಬತ್ತಿರಲಿಲ್ಲ.

ಬಳಸಿದ ನೀರು ಇದಕ್ಕಿಂತ ದೊಡ್ಡ ಮೂಲ. ಮನೆಗೆ ಬಂದ ನೀರಿನ ಶೇ 80ರಷ್ಟು ಚರಂಡಿಗೆ ಹೋಗುತ್ತದೆ ಎಂಬುದು ಇಂಜಿನಿಯರಿಂಗಿನ ಒಪ್ಪಿತ ಲೆಕ್ಕ. 2,600 ದಶಲಕ್ಷ ಲೀಟರ್ ಬಳಸುವ ನಗರ 2,000ಕ್ಕೂ ಹೆಚ್ಚನ್ನು ಹೊರಗೆ ಹರಿಸುತ್ತದೆ. ಬರ ಬಂದರೂ ಬತ್ತದ, ದಿನವೂ ನಗರದ ಬಾಗಿಲಲ್ಲೇ ಹುಟ್ಟುವ ಹೊಳೆ ಇದು. ದಶಕಗಳ ಕಾಲ ಅದನ್ನು ಸಂಸ್ಕರಿಸದೆ ರಾಜಕಾಲುವೆಗೆ ಬಿಟ್ಟದ್ದರ ಫಲ ಬೆಳ್ಳಂದೂರು ಕೆರೆಯಲ್ಲಿ ಕಂಡಿತು. ಅಲ್ಲಿ ಎದ್ದ ನೊರೆ ರಸ್ತೆಗೆ ಹಾರಿತು, 2017ರಲ್ಲಿ, 2018ರಲ್ಲಿ ಕೆರೆಯೇ ಹೊತ್ತಿ ಉರಿಯಿತು.

ಬೆಳ್ಳಂದೂರು ಇರುವ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ದಿನಕ್ಕೆ 440 ದಶಲಕ್ಷ ಲೀಟರಿನಷ್ಟನ್ನು ಕೋಲಾರಕ್ಕೆ ಪಂಪ್ ಮಾಡುವ ಕೆ.ಸಿ. ವ್ಯಾಲಿ ಯೋಜನೆ 2018ರ ಜೂನ್‌ನಲ್ಲಿ ಆರಂಭವಾಯಿತು. ಮೊದಲು ನೀರು ಬಿದ್ದದ್ದು ಲಕ್ಷ್ಮೀಸಾಗರ ಕೆರೆಗೆ. ಕೆಲವೇ ವಾರಗಳಲ್ಲಿ ಅಲ್ಲೂ ನೊರೆ ಕಾಣಿಸಿ, ವಿಷಯ ಹೈಕೋರ್ಟಿಗೂ ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತ ಬೇಕು ಎಂಬುದು ಅಲ್ಲಿನವರ ಬೇಡಿಕೆ. ಅದು ನ್ಯಾಯವಾದದ್ದು. ಮತ್ತೊಂದು ಕಡೆ, ಬೋರ್ ಸಾವಿರಾರು ಅಡಿ ಇಳಿದಿದ್ದ ಕೋಲಾರದಲ್ಲಿ ಕೆರೆಗಳು ತುಂಬಿ, ಅಕ್ಕಪಕ್ಕದ ಬಾವಿಗಳಲ್ಲಿ ನೀರು ಏರಿದ್ದನ್ನೂ ರೈತರು ಕಂಡಿದ್ದಾರೆ. ಹೆಬ್ಬಾಳ–ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೆ 210 ದಶಲಕ್ಷ ಲೀಟರ್ ಕಳಿಸುವ ಯೋಜನೆಯೂ ಇದೇ ಬಗೆಯದು. ಕಾವೇರಿ ಕಣಿವೆಯಿಂದ ದಿಣ್ಣೆ ಹತ್ತಿಸಿದ ನೀರು ಹೀಗೆ ಏಣಿನ ಆಚೆ ಇಳಿದು ಎರಡನೇ ಬಾರಿ ದುಡಿಯುತ್ತಿದೆ.

ಜಕ್ಕೂರಿನ ಮಾದರಿ

ಕೆರೆ, ಬಾವಿ, ಬಳಸಿದ ನೀರು ಎಂಬ ಈ ಎಳೆಗಳೆಲ್ಲ ಒಂದೇ ಕಡೆ ಕೂಡಿರುವುದು ನಗರದ ಉತ್ತರಕ್ಕಿರುವ ಜಕ್ಕೂರಿನಲ್ಲಿ. ಸುಮಾರು 160 ಎಕರೆಯ ಕೆರೆಯ ಮೇಲ್ತುದಿಯಲ್ಲಿ ಜಲಮಂಡಳಿಯ ಸಂಸ್ಕರಣಾ ಘಟಕವಿದೆ. ದಿನಕ್ಕೆ 10 ದಶಲಕ್ಷ ಲೀಟರ್ ಸಾಮರ್ಥ್ಯದೊಂದಿಗೆ ಶುರುವಾದ ಘಟಕ ಅದು. ಅಲ್ಲಿ ಶುದ್ಧಗೊಂಡ ನೀರು ನೇರ ಕೆರೆಗೆ ಬೀಳುವುದಿಲ್ಲ. ಆಪು, ಜೊಂಡು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಹಾದು, ಉಳಿದ ಸಾರಜನಕ, ರಂಜಕಗಳನ್ನು ಗಿಡಗಳಿಗೆ ಬಿಟ್ಟು ಆಮೇಲೆ ಕೆರೆ ಸೇರುತ್ತದೆ. ಬೇಸಿಗೆಯಲ್ಲೂ ಕೆರೆ ತುಂಬಿರುತ್ತದೆ, ಸುತ್ತಲಿನ ತೆರೆದ ಬಾವಿಗಳಲ್ಲಿ ನೀರಿನ ಮಟ್ಟ ಮೇಲಿರುತ್ತದೆ, ಮೀನುಗಾರರು ಬಲೆ ಬೀಸುತ್ತಾರೆ, ಚಳಿಗಾಲದಲ್ಲಿ ಹಕ್ಕಿಗಳು ಬಂದಿಳಿಯುತ್ತವೆ. ಸಂಸ್ಕರಣಾ ಘಟಕ ಕೆಟ್ಟರೆ ಕೆರೆಯ ಬಣ್ಣ ಬದಲಾಗುತ್ತದೆ. ಸುತ್ತಲಿನ ನಿವಾಸಿಗಳು ಅದನ್ನು ಗಮನಿಸಿ ಅಧಿಕಾರಿಗಳಿಗೆ ಹೇಳುತ್ತಾರೆ.